ದೊಡ್ಡಪ್ಪನ ಮೂರು ಸಾಲು

ಕೆಲಸ ಬಿಟ್ಟು ಹೋಗುವವರು ಆಫೀಸಿನವರಿಗೆಲ್ಲ ಕಳಿಸುವ ಈಮೇಲನ್ನು ನಾನು ಪೂರ್ತಿ ಓದುವುದಿಲ್ಲ. ನೇರವಾಗಿ ಕೊನೆಗೆ ಹೋಗಿ, ‘ತಿಳಿದೋ ತಿಳಿಯದೆಯೋ ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಕ್ಷಮಿಸಿ’ ಎಂಬ ಸಾಲು ಇದೆಯೋ ಇಲ್ಲವೋ ನೋಡುತ್ತೇನೆ. ಸಾಮಾನ್ಯವಾಗಿ ಇರುತ್ತದೆ. ಇದ್ದರೆ ನನಗೆ ಸಿಟ್ಟು ಬರುತ್ತದೆ. ಬರೆದವರ ಮೇಲಲ್ಲ, ಪಾಪ. ಒಂದು ಕಾಲಕ್ಕೆ ಆ ಸಾಲನ್ನು ಕೇಳಿದವರಿಗೆಲ್ಲ ಟೈಪ್ ಮಾಡಿ ಕೊಟ್ಟವಳು ನಾನು. ಆ ಸಿಟ್ಟು ನನ್ನ ಮೇಲಿನದೇ.

ಆಗ ನಾನು ಮೆಟ್ಟೂರಿನ ಒಂದು ನೂಲಿನ ಮಿಲ್ಲಿನಲ್ಲಿ ಟೈಪಿಸ್ಟ್ ಆಗಿದ್ದೆ. ಮಿಲ್ಲು ಈಗಿಲ್ಲ, ಹೆಸರೂ ಬೇಡ. ಟೈಪಿಂಗಿನಲ್ಲಿ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸಾಗಿದ್ದೆ. ಅದಕ್ಕಿಂತ ಹೆಚ್ಚಾಗಿ, ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನೇ ನಂಬಿದ್ದೆ. ತೊಂಬತ್ತೇಳರಲ್ಲಿ ಮಿಲ್ಲಿಗೆ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರುವ ಭಾಗ್ಯ ನನ್ನದಾಯಿತು. ಅದಕ್ಕೊಂದು ಎ.ಸಿ. ರೂಮು, ಧೂಳು ಬೀಳದಂತೆ ಹೊದಿಸಲು ಒಂದು ಬಟ್ಟೆ. ಒಳಗೆ ಬರುವವರು ಚಪ್ಪಲಿಯನ್ನು ಹೊರಗೆ ಬಿಡಬೇಕು. ಮ್ಯಾನೇಜರ್ ಕೂಡ ಬಿಟ್ಟೇ ಬರುತ್ತಿದ್ದರು. ನನಗೆ ಅದೊಂದು ದೊಡ್ಡ ಜಂಬ.

ಈಮೇಲ್ ಎಂದರೆ ಆಗ ದಿನಕ್ಕೆ ಎರಡು ಸಲ, ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ. ಫೋನ್ ಲೈನು ಸಿಕ್ಕಿ ಮೋಡೆಮ್ ಕಿರುಚಿ ಸುಮ್ಮನಾದ ಮೇಲೆ ಟೈಪ್ ಮಾಡಿಟ್ಟದ್ದೆಲ್ಲ ಒಟ್ಟಿಗೆ ಹೋಗುತ್ತಿತ್ತು. ಜನಕ್ಕೊಂದು ವಿಳಾಸವಿರಲಿಲ್ಲ. ಕೊಯಮತ್ತೂರಿನ ಹೆಡ್ ಆಫೀಸಿಗೆ ಒಂದು, ಸೇಲಂನ ಡಿಪೋಗೆ ಒಂದು, ನಮಗೆ ಒಂದು. ಬಂದದ್ದನ್ನು ಆಯಾ ಕಡೆಯವರು ಪ್ರಿಂಟ್ ತೆಗೆದು ನೋಟೀಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಎಲ್ಲರೂ ನಿಂತು ಓದುತ್ತಿದ್ದರು, ಇಂಗ್ಲಿಷ್ ಬಾರದವರು ಓದಿಸಿಕೊಳ್ಳುತ್ತಿದ್ದರು.

ಮರುವರ್ಷ ಮಿಲ್ಲಿನಲ್ಲಿ ಸ್ವಯಂ ನಿವೃತ್ತಿಯ ಗಾಳಿ ಬೀಸಿತು. ಹೆಡ್ ಆಫೀಸಿನ ಒಬ್ಬ ಅಧಿಕಾರಿ ಹೋಗುವಾಗ ಎಲ್ಲ ಕಡೆಗೂ ಒಂದು ಚೆಂದದ ಬೀಳ್ಕೊಡುಗೆ ಈಮೇಲ್ ಕಳಿಸಿದರು. ನಮ್ಮ ಮ್ಯಾನೇಜರಿಗೆ ಅದು ಬಹಳ ಹಿಡಿಸಿತು. ಇನ್ನು ಮೇಲೆ ಯಾರು ಬಿಟ್ಟು ಹೋದರೂ, ಫಿಟ್ಟರ್ ಆಗಲಿ ಅಟೆಂಡರ್ ಆಗಲಿ, ಹೀಗೊಂದು ಕಳಿಸಬೇಕು ಎಂದು ಅಪ್ಪಣೆಯಾಯಿತು. ಬರೆಯುವವರು ಯಾರು? ನಾನು.

ಮೊದಮೊದಲು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ ಬರೆದೆ. ಆಮೇಲೆ ಗಮನಿಸಿದೆ, ಎಲ್ಲರೂ ಹೇಳುವುದು ಹೆಚ್ಚು ಕಡಿಮೆ ಒಂದೇ. ಇಷ್ಟು ವರ್ಷ ಇದ್ದೆ, ಎಲ್ಲರೂ ಚೆನ್ನಾಗಿ ನೋಡಿಕೊಂಡಿರಿ, ತಪ್ಪು ಒಪ್ಪು ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕಡೆ ಊರು ಬಿಡುವಾಗ, ಮನೆ ಬಿಡುವಾಗ, ಹೆಣ್ಣನ್ನು ಕಳಿಸುವಾಗ ಆ ಕೊನೆಯ ಮಾತನ್ನು ಹೇಳದೆ ಯಾರೂ ಎದ್ದು ಹೋಗುವುದಿಲ್ಲ. ತಪ್ಪು ಏನೆಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಅದಕ್ಕೆ ನಾನೊಂದು ನಯವಾದ ಇಂಗ್ಲಿಷ್ ಸಾಲು ಹೊಸೆದೆ, ತಿಳಿದೋ ತಿಳಿಯದೆಯೋ ಅಂತ. ಎಲ್ಲವನ್ನೂ ಸೇರಿಸಿ ‘ಬೈ’ ಎಂಬ ಹೆಸರಿನ ಫೈಲು ಮಾಡಿಟ್ಟುಕೊಂಡೆ. ಹೆಸರು, ಡಿಪಾರ್ಟ್‌ಮೆಂಟು, ವರ್ಷ ಬದಲಾಯಿಸಿದರೆ ಮುಗಿಯಿತು. ಐದು ನಿಮಿಷದಲ್ಲಿ ಒಬ್ಬರನ್ನು ಕಳಿಸಿಬಿಡುತ್ತೇನೆ ಎಂದು ಕ್ಯಾಂಟೀನಿನಲ್ಲಿ ನಗುತ್ತಾ ಹೇಳಿಕೊಂಡಿದ್ದೂ ಉಂಟು.

ಮಿಲ್ಲಿನ ಗೋಡೌನಿನಲ್ಲಿ ಒಬ್ಬರು ವಯಸ್ಸಾದ ಕೆಲಸಗಾರರಿದ್ದರು. ಕೊಳತ್ತೂರು ದಾರಿಯ ಒಳಗಿನ ಹಳ್ಳಿಯವರು, ಮನೆಯಲ್ಲಿ ಕುರಿ ಸಾಕುವವರು. ಆಗ ಆ ಮಿಲ್ಲಿನಲ್ಲಿ ನಾವಿಬ್ಬರೇ ಕನ್ನಡದವರು, ಹಾಗಾಗಿ ನನಗೆ ಅವರು ದೊಡ್ಡಪ್ಪ ಆದರು. ಅವರ ಕನ್ನಡ ಬಾಯಲ್ಲಿ ಮಾತ್ರ ಇತ್ತು, ಓದು ಬರಹವೆಲ್ಲ ಅಷ್ಟಿಷ್ಟು ತಮಿಳು. ನಾನು ತಾಯಿಯ ತವರಿನಲ್ಲಿ, ಮಾದೇಶ್ವರನ ಬೆಟ್ಟದ ಆಚೆ, ಐದನೆಯವರೆಗೆ ಓದಿದ್ದರಿಂದ ಅಕ್ಷರವೂ ಬರುತ್ತಿತ್ತು. “ನೀನು ನಮ್ ಬಾಸೆ ಬರೀತೀಯಾ? ಎಲ್ಲಿ, ನನ್ ಎಸ್ರು ಬರಿ ನೋಡುವಾ” ಎಂದು ಒಂದು ದಿನ ಬರೆಸಿಕೊಂಡು, ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು.

ನಾನು ಸೇರುವ ಮೊದಲು ಆ ಗೋಡೌನಿನಲ್ಲಿ ಇನ್ನೊಬ್ಬ ಕನ್ನಡದವರು ಇದ್ದರಂತೆ. ಅವರೂ ದೊಡ್ಡಪ್ಪನೂ ಒಂದೇ ತಟ್ಟೆಯಲ್ಲಿ ಉಂಡ ಸ್ನೇಹಿತರು. ಒಬ್ಬರ ಶಿಫ್ಟು ಮುಗಿದರೆ ಇನ್ನೊಬ್ಬರದು ಶುರು. ಒಂದು ಸಂಜೆ ಶಟರ್ ಹಾಕದೆ ಬಿಟ್ಟದ್ದರಿಂದ, ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆಗೆ ಹತ್ತಿಯ ಬೇಲುಗಳೆಲ್ಲ ನೆನೆದುಹೋದವು. ತಪ್ಪು ಆ ಸ್ನೇಹಿತರ ತಲೆಗೆ ಬಂತು. ಎಲ್ಲರ ಮುಂದೆ ಮೆಮೊ ಓದಿ ಅವರನ್ನು ಸೇಲಂನ ಡಿಪೋಗೆ ಎತ್ತಿಹಾಕಿದರು. ಅಲ್ಲಿಗೂ ಮುಗಿಯಲಿಲ್ಲ. ಮಿಲ್ಲಿನಲ್ಲಿ ಅವರ ಹೆಸರೇ ಒಂದು ಬೈಗುಳವಾಗಿ ಉಳಿಯಿತು. ಯಾರಾದರೂ ಬಾಗಿಲು ತೆರೆದಿಟ್ಟು ಹೋದರೆ, ನಲ್ಲಿ ನಿಲ್ಲಿಸದೆ ಬಂದರೆ, ಅವರ ಹೆಸರು ಹಿಡಿದು ಕೂಗುತ್ತಿದ್ದರು. ನಾನೂ ಅವರ ಮುಖ ಕಾಣದೆಯೇ ಹಾಗೆ ಕೂಗಿದ್ದೇನೆ. ಒಮ್ಮೆ ದೊಡ್ಡಪ್ಪನ ಎದುರಿಗೇ ಕೂಗಿದೆ. ಅವರು ಕುಡಿಯುತ್ತಿದ್ದ ಟೀಯನ್ನು ಅರ್ಧಕ್ಕೆ ಇಟ್ಟು ಎದ್ದುಹೋದರು. ಗೆಳೆಯನ ಅಭಿಮಾನ ಅಂದುಕೊಂಡೆ.

ತೊಂಬತ್ತೆಂಟರಲ್ಲಿ ದೊಡ್ಡಪ್ಪನ ಸರದಿ ಬಂತು. ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಗಡ್ಡ ಹೆರೆಸಿಕೊಂಡಿದ್ದರು.

“ಅವ್ವ, ನಾನ್ ಏಳ್ದಂಗೇ ಬರೀಬೇಕು. ಮಿಸಿನ್‌ಗೆ ಆಮೇಲ್ ಆಕು. ಮೊದ್ಲು ನಮ್ ಬಾಸೇಲಿ ಬರ್ಕೋ.”

ಫೈಲು ರೆಡಿ ಇದೆ ಎಂದು ಹೇಳಲು ಬಾಯಿ ತೆರೆದವಳು ಅವರ ಮುಖ ನೋಡಿ ನೋಟ್‌ಬುಕ್ ತೆಗೆದೆ. ಅವರು ಮೊದಲು ಎಲ್ಲರಿಗೂ ನಮಸ್ಕಾರ ಹೇಳಿದರು. ಕ್ಯಾಂಟೀನಿನವನಿಗೆ ಬೇರೆಯಾಗಿ ಹೇಳಿದರು. ಆಮೇಲೆ ಮಗ್ಗಿ ಒಪ್ಪಿಸುವ ಹಾಗೆ ಒಂದೇ ಸಮನೆ ಹೇಳಿದರು:

“ಆ ಮಳೆ ದಿನ ಗೋಡೌನ್ ಶಟರ್ ಆಕ್ದೆ ಬಸ್ಸಿಗೆ ಓಡ್ದೋನು ನಾನು. ಆಕಿದ್ದೆ ಅಂತ ಸಾಯೇಬ್ರ ಮುಂದೆ ಸುಳ್ಳು ಏಳ್ದೋನೂ ನಾನೇ. ಅವನ ಮ್ಯಾಲೆ ಏನೂ ತಪ್ಪಿಲ್ಲ, ಇನ್ಮೇಲೆ ಅವನ ಎಸ್ರು ಇಡ್ದು ಯಾರೂ ನಗಬ್ಯಾಡಿ.”

ನನ್ನ ಪೆನ್ನು ನಿಂತಿತು. “ಬರ್ದ್ಯಾ?” ಎಂದರು. ಬರೆದೆ.

ಆ ದಿನ ಮನೆಯಲ್ಲಿ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತಂತೆ. ಹೆಂಡತಿ ಹೇಳಿ ಕಳಿಸಿದ್ದಳು. ಸ್ನೇಹಿತ ಇನ್ನು ಹತ್ತು ನಿಮಿಷದಲ್ಲಿ ಬಂದೇ ಬರುತ್ತಾನೆ ಎಂದು ಐದೂವರೆ ಬಸ್ಸಿಗೆ ಓಡಿದರು. ಸ್ನೇಹಿತನ ಬಸ್ಸು ಕೆಟ್ಟು ನಿಂತಿತ್ತು, ಮಳೆ ನಿಲ್ಲಲಿಲ್ಲ. “ಕುರಿ ಉಳೀತು, ಮರೀನೂ ಉಳೀತು. ಅವನೊಬ್ಬ ಕೈ ಬುಟ್ಟೋದ” ಎಂದರು.

“ನೀವೇ ಓಗಿ ಅವರ ಅತ್ರ ಏಳಬೌದಲ್ಲ ದೊಡ್ಡಪ್ಪ?”

“ಆರು ವರ್ಸ ಆಯ್ತು, ಬಾಯಿ ಬರಲ್ಲ. ಇನ್ನೊಂದು, ಅವನ ಮರ್ವಾದೆ ಓಗಿದ್ದು ಎಲ್ಲಾರ ಮುಂದೆ. ನಾನು ಓಗಿ ಕಿವೀಲಿ ಏಳುದ್ರೆ ಸರಿ ಓಯ್ತದಾ? ಇದು ಸೇಲಂ ಬೋರ್ಡ್‌ನಲ್ಲೂ ಅಂಟಿಸ್ತಾರಲ್ಲ?”

“ಅಂಟಿಸ್ತಾರೆ.”

“ಅದಕ್ಕೇ ಇವತ್ತಿನ್ಗಂಟ ಕಾದೆ” ಎಂದು ಎದ್ದು, ಗೋಡೌನಿನ ಬೀಗದ ಕೈ ಒಪ್ಪಿಸಲು ಹೋದರು.

ಮುಂದಿನದನ್ನು ಬರೆಯಲು ನನಗೆ ನಾಚಿಕೆ. ಗಂಟೆ ಮೂರೂವರೆ ದಾಟಿತ್ತು. ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿ, “ಎನ್ನಮ್ಮಾ, ಮುಡಿಞ್ಚದಾ?” ಎಂದು ಕೇಳಿದರು. ಮುಗಿಯಿತು ಸಾರ್ ಎಂದೆ. ಕಳಿಸುವ ಮೊದಲು ಪ್ರತಿಯೊಂದನ್ನೂ ಅವರು ಓದುತ್ತಿದ್ದರು. ಇನ್ನೊಂದು ಗಂಟೆಗೆ ದೊಡ್ಡಪ್ಪನಿಗೆ ಹಾರ ಹಾಕುವುದಿತ್ತು. ಈ ಮೂರು ಸಾಲು ಓದಿದರೆ ಹಾರದ ಜಾಗದಲ್ಲಿ ವಿಚಾರಣೆ ಕೂರುತ್ತದೆ ಎಂದು ಹೆದರಿದೆ. ಅದು ನಿಜ. ಆದರೆ ಪೂರ್ತಿ ನಿಜವಲ್ಲ. ಆ ಸಾಲುಗಳನ್ನು ಇಂಗ್ಲಿಷಿಗೆ ತಂದು ನೋಡಿದಾಗ ನನ್ನ ಚೆಂದದ ಕಾಗದದ ನಡುವೆ ಶಟರು, ಮಳೆ, ಸುಳ್ಳು ಎಲ್ಲ ಒರಟಾಗಿ ಕಂಡವು. ಹೇಗೂ ಕೊನೆಯಲ್ಲಿ ಕ್ಷಮಿಸಿ ಅಂತ ಇದೆಯಲ್ಲ, ಎಲ್ಲ ಅದರಲ್ಲೇ ಬಂತು ಅಂದುಕೊಂಡೆ. ‘ಬೈ’ ಫೈಲು ತೆರೆದು ಹೆಸರು, ವರ್ಷ ಬದಲಾಯಿಸಿದೆ. ಮ್ಯಾನೇಜರ್ ಓದಿ ಗುಡ್ ಎಂದರು. ನಾಲ್ಕಕ್ಕೆ ಅದು ಹೋಯಿತು.

ಹಾರ ಹಾಕಿಸಿಕೊಂಡು ದೊಡ್ಡಪ್ಪ ನನ್ನ ರೂಮಿನ ಬಾಗಿಲಿಗೆ ಬಂದರು. “ಅದ್ನೂ ಆಕ್ದೆ ತಾನೆ?”

“ಎಲ್ಲಾ ಐತೆ ದೊಡ್ಡಪ್ಪ” ಎಂದೆ.

ಅವರು ಕೊರಳಿನ ಹಾರ ತೆಗೆದು, ಕಂಪ್ಯೂಟರಿಗೆ ಹಾಕಲೋ ನನಗೆ ಕೊಡಲೋ ತಿಳಿಯದೆ ಕೊನೆಗೆ ಬಾಗಿಲ ಮೊಳೆಗೆ ತಗುಲಿಸಿ ಹೋದರು.

ಎರಡು ವಾರ ಬಿಟ್ಟು ಮೇಚೇರಿ ಸಂತೆಯ ದಿನ ಗೇಟಿಗೆ ಬಂದು ನನ್ನನ್ನು ಕರೆಸಿದರು. ಸಂತೆಯಲ್ಲಿ ಎರಡು ಟಗರು ಕೊಟ್ಟು ಬಂದಿದ್ದರು, ಮೈಯೆಲ್ಲ ಕುರಿಯ ವಾಸನೆ.

“ಸೇಲಮಿಂದ ಏನಾರಾ ಬಂತಾ ಅವ್ವ?”

“ಡಿಪೋದೋರು ಎಲ್ಲಾ ಸೇರಿ ಸುಭಾಸಯ ಏಳವ್ರೆ.”

“ಅವನು?”

“ಒಬ್ಬೊಬ್ರೇ ಕಳ್ಸಕ್ಕಾಗಲ್ಲ ದೊಡ್ಡಪ್ಪ. ಎಲ್ಲಾರ್ದೂ ಸೇರಿ ಒಂದೇ.”

ಸರಿ ಎಂದು ಹೋದರು. ಮುಂದಿನ ಸಂತೆಗೂ ಬಂದರು. ಅದರ ಮುಂದಿನದಕ್ಕೂ ಬಂದರು. ನಾನು ಗೇಟಿನವರೆಗೆ ನಡೆಯುವಾಗ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ಅವರ ಮುಖ ಕಂಡರೆ, ಬಂದಿಲ್ಲ ಎನ್ನುವುದೇ ಸುಲಭವಾಗುತ್ತಿತ್ತು. ಅದು ಸುಳ್ಳೂ ಅಲ್ಲವಲ್ಲ. ಉತ್ತರ ಬರಲು ಇಲ್ಲಿಂದ ಅಲ್ಲಿಗೆ ಹೋದದ್ದಾದರೂ ಏನು? ಒಂದು ಸಲ ಹೊಲದಲ್ಲಿ ಕಿತ್ತ ಕಡಲೆಕಾಯಿ ಚೀಲ ತಂದುಕೊಟ್ಟರು. ತೆಗೆದುಕೊಂಡೆ. ಮನೆಯಲ್ಲಿ ಬೇಯಿಸಿ ತಿಂದೆವು.

ಕೊನೆಯ ಸಲ ಬಂದಾಗ ಅವರು ಕೇಳಲೇ ಇಲ್ಲ. ಗೇಟಿನ ಬೇವಿನ ಮರದ ಕೆಳಗೆ ಟವಲು ಹಾಸಿ ಕೂತು, ನನ್ನನ್ನಲ್ಲ, ರಸ್ತೆಯನ್ನು ನೋಡುತ್ತಾ ಹೇಳಿದರು.

“ಆ ಕಾಗ್ದ ಅವನು ಓದವ್ನೆ. ಓದಿ ಸುಮ್ಕವ್ನೆ. ಒಟ್ಟೆಗೆ ಆಕ್ಕೊಳ್ಳೋವಂತ ತಪ್ಪಲ್ಲ ಬುಡು ಅದು. ನಾನಾದ್ರೂ ಆಕ್ಕೋತಿರ್ಲಿಲ್ಲ.”

ಆಗಲಾದರೂ ಹೇಳಬಹುದಿತ್ತು. ಎರಡು ನಿಮಿಷದ ಮಾತು. ಹನ್ನೊಂದರ ಮೇಲ್ ಕಳಿಸಬೇಕು ದೊಡ್ಡಪ್ಪ, ಬತ್ತೀನಿ ಎಂದು ಎದ್ದು ಒಳಗೆ ಹೋದೆ.

ಆಮೇಲಿನ ಎರಡು ಸಂತೆಗೆ ಅವರು ಬರಲಿಲ್ಲ. ಮೂರನೆಯದಕ್ಕೆ ಅವರೂರಿನವರೊಬ್ಬರು ಬಂದು, ಮೈ ಹುಷಾರಿಲ್ಲ, ಮಲಗಿದ್ದಾರೆ ಎಂದು ವಾಚ್‌ಮನ್ ಹತ್ತಿರ ಹೇಳಿ ಹೋದರು. ಆ ದಿನ ನಾನು ಏನನ್ನೂ ಸರಿಯಾಗಿ ಟೈಪ್ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ನೋಟ್‌ಬುಕ್ಕಿನ ಆ ಹಾಳೆ ಹರಿದು ಚೀಲಕ್ಕೆ ಹಾಕಿಕೊಂಡು ತಾರಮಂಗಲಂ ಬಸ್ಸು ಹತ್ತಿದೆ. ಸ್ನೇಹಿತರು ಅಲ್ಲೇ ಮನೆ ಮಾಡಿಕೊಂಡು ಸೇಲಂಗೆ ಓಡಾಡುತ್ತಾರೆ ಎಂದು ಡಿಪೋದ ಗುಮಾಸ್ತರಿಂದ ತಿಳಿದುಕೊಂಡಿದ್ದೆ. ದೇವಸ್ಥಾನದ ಹಿಂದಿನ ಬೀದಿ, ಎರಡೂ ಕಡೆ ಮಗ್ಗದ ಸದ್ದು. ಅವರು ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತು ಕೊಡೆ ರಿಪೇರಿ ಮಾಡುತ್ತಿದ್ದರು. ತೆಳ್ಳಗಿನ ಮನುಷ್ಯ. ಅಷ್ಟು ಸಲ ಬೈಗುಳವಾಗಿ ಬಳಸಿದ ಹೆಸರಿಗೆ ಇಂಥ ಮುಖವಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಮೆಟ್ಟೂರು ಮಿಲ್ಲಿನವಳು ಎಂದೆ, ದೊಡ್ಡಪ್ಪನ ಹೆಸರು ಹೇಳಿದೆ. ಅವರ ಕೈ ನಿಂತಿತು, ಮುಖ ಬಿಗಿಯಿತು.

“ಅವನ ಇಸ್ಯ ನನಗ್ಯಾಕವ್ವ? ಕಡೇ ದಿನದ ಕಾಗ್ದ ಬಂತಲ್ಲ, ಸಾಕು.”

“ಅದು ಬರ್ದೋಳು ನಾನು ಮಾವ.”

ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಎಷ್ಟೋ ದಿನದಿಂದ ಒಳಗಿಟ್ಟುಕೊಂಡದ್ದು ಬಾಯಿಗೆ ಬಂದಿತ್ತು.

“ನನಗೆ ಅವತ್ತೇ ಗೊತ್ತು. ನಾನು ಬಸ್ ಇಳ್ದು ಓಡ್ಬರೋ ಒತ್ಗೆ ಶಟರ್ ಮ್ಯಾಲೈತೆ, ನೀರು ಒಳೀಕೋಗೈತೆ. ಬೇರೆ ಯಾರು ಬುಟ್ಟೋದಾರು? ನಾನು ಏಳಿದ್ರೆ ಅವನ ಕೆಲ್ಸ ಓಗೋದು. ಅವನಾಗೇ ಏಳ್ಲಿ ಅಂತ ಬಾಯಿ ಮುಚ್ಕಂಡೆ. ಒಂದು ವರ್ಸ, ಎಲ್ಡು ವರ್ಸ. ಕಡೇ ದಿನಾನಾದ್ರೂ ಏಳ್ತಾನೆ ಅಂತ ಇದ್ದೆ. ಬೋರ್ಡ್‌ನಲ್ಲಿ ಅಂಟ್ಸಿದ್ರು. ಕ್ಲರ್ಕ್ ಓದಿ ತಮಿಳಲ್ಲಿ ಏಳ್ದ. ಇನ್ನೊಂದ್ಸಲಿ ಓದಪ್ಪಾ ಅಂದೆ. ‘ಯಾರ ಮನ್ಸಾದ್ರೂ ನೋಯ್ಸಿದ್ರೆ’ ಅಂತ ಇತ್ತು.” ಕೊಡೆಯನ್ನು ಮಡಿಸಿ ಪಕ್ಕಕ್ಕಿಟ್ಟರು. “ಯಾರ ಮನ್ಸಾದ್ರೂ. ನಾನು ಅವನಿಗೆ ಯಾರೋ ಆಗೋದ್ನಾ ಅಂತ ಅವತ್ತೇ ಬುಟ್ಬುಟ್ಟೆ ಅವನ್ನ.”

ನಾನು ಅಳುತ್ತಿದ್ದೆ. ಆ ಸಾಲು ನನ್ನದು, ಅವರದಲ್ಲ ಎಂದೆ. ಹಾಳೆ ತೆಗೆದು ಓದಿದೆ. ಮೂರು ಸಾಲು ಓದಿ ಮುಗಿಸಿದ ಮೇಲೂ ಅವರು ಆ ಕನ್ನಡ ಅಕ್ಷರಗಳನ್ನೇ ನೋಡುತ್ತಿದ್ದರು, ಓದಲು ಬರುವವರ ಹಾಗೆ.

“ಯಾಕವ್ವ ಬುಟ್ಟೆ ಇದ್ನ?”

“ಚೆಂದ ಕಾಣ್ಲಿಲ್ಲ ಅಂತ” ಎಂದೆ. ಹೆದರಿಕೆಯ ಮಾತು ಆಗ ಬಾಯಿಗೆ ಬರಲಿಲ್ಲ. ಅದನ್ನು ಹೇಳಿದ್ದರೆ ತಪ್ಪು ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಅವರು ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. “ನಡಿ, ಅವನ ಬಾಯಲ್ಲೇ ಕೇಳ್ತೀನಿ” ಎಂದರು. ಮೆಟ್ಟೂರಿಗೆ ಬಂದು ಬಸ್ಸು ಬದಲಾಯಿಸಿ ಆ ಹಳ್ಳಿ ತಲುಪಿದಾಗ ಮಧ್ಯಾಹ್ನ ಮೂರು. ದಾರಿಯುದ್ದಕ್ಕೂ ಅವರು ಹಳೆಯದನ್ನೆಲ್ಲ ನೆನೆದು ಮಾತಾಡಿದರು, ಎರಡು ಸಲ ನಕ್ಕರು ಕೂಡ. ಆರು ವರ್ಷದ ಭಾರ ಇಳಿದವರಂತಿದ್ದರು. ನನ್ನದು ಮಾತ್ರ ಇಳಿಯಲಿಲ್ಲ.

ಮೈ ಹುಷಾರಿಲ್ಲ ಎಂದರೆ ಜ್ವರವೋ ಏನೋ ಎಂದುಕೊಂಡಿದ್ದೆವು. ದೊಡ್ಡಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದು ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ನಿಂತಿತ್ತು. “ಎಲ್ಲಾ ತಿಳೀತೈತೆ, ಮಾತೊಂದೇ ಇಲ್ಲ” ಎಂದು ಅವರ ಹೆಂಡತಿ ತಲೆದಿಂಬು ಎತ್ತರಿಸಿದರು. ಸ್ನೇಹಿತನನ್ನು ಕಂಡದ್ದೇ ದೊಡ್ಡಪ್ಪನ ಕಣ್ಣಿನಿಂದ ನೀರು ಸುರಿಯಿತು. ಏನೋ ಹೇಳಲು ಹೋದರು, ಬರೀ ಗೊರಗೊರ ಸದ್ದು ಬಂತು. ಹೇಳಬೇಕೆಂದು ಆರು ವರ್ಷ ಕಾದವರು ಒಬ್ಬರು, ಕೇಳಬೇಕೆಂದು ಕಾದವರು ಇನ್ನೊಬ್ಬರು.

ಸ್ನೇಹಿತರು ಚಾಪೆಯ ಮೇಲೆ ಕೂತು ಅವರ ಎಡಗೈ ಹಿಡಿದುಕೊಂಡರು. ನನ್ನ ಕಡೆ ತಿರುಗದೆ, “ಓದವ್ವ” ಎಂದರು.

ಓದಿದೆ. ಆ ಮಳೆ ದಿನ, ಶಟರು, ಬಸ್ಸು, ಸುಳ್ಳು. ನನ್ನ ಬಾಯಿಂದ ದೊಡ್ಡಪ್ಪನ ಮಾತು, ಅವರು ಹೇಳಿದ ಹಾಗೆಯೇ. ಇನ್ಮೇಲೆ ಯಾರೂ ನಗಬ್ಯಾಡಿ ಎಂಬಲ್ಲಿಗೆ ಹಾಳೆಯನ್ನು ಕೆಳಗಿಳಿಸಿದೆ.

“ಆಯ್ತು ಬುಡ್ಲಾ” ಎಂದರು ಸ್ನೇಹಿತರು. “ಇವತ್ತೇ ಕೇಳ್ದೆ ಕಣ್ಲಾ ನಾನು. ಇವತ್ತೇ.”

ದೊಡ್ಡಪ್ಪನ ನೋಟ ಸ್ನೇಹಿತನ ಮುಖದಿಂದ ನನ್ನ ಕೈಯ ಹಾಳೆಗೆ ಬಂತು. ಇವತ್ತೇ ಎಂದರೆ ಏನೆಂದು ಅವರಿಗೆ ತಿಳಿಯುತ್ತಾ ಬಂದದ್ದನ್ನು ನಾನು ನಿಂತು ನೋಡಿದೆ. ಆಮೇಲೆ ಅವರು ನನ್ನನ್ನು ನೋಡಿದರು.

“ಅವತ್ತು ಕಳ್ಸಿರ್ಲಿಲ್ಲ ದೊಡ್ಡಪ್ಪ” ಎಂದೆ. “ಆ ಮೂರ್ ಸಾಲು ನಾನೇ ಬುಟ್ಟೆ.”

ಅವರು ನೋಡುತ್ತಲೇ ಇದ್ದರು. ಅದರಲ್ಲಿ ಸಿಟ್ಟಿತ್ತೇ, ಇರಲಿಲ್ಲವೇ, ನಾನು ಹೇಳಲಾರೆ. ಮಾತು ಇದ್ದಿದ್ದರೆ ಬೈಯುತ್ತಿದ್ದರು, ಇಲ್ಲವೇ ಹೋಗಲಿ ಬಿಡು ಅವ್ವ ಎನ್ನುತ್ತಿದ್ದರು. ಎರಡರಲ್ಲಿ ಯಾವುದಾದರೂ ನನಗೆ ಸಾಕಿತ್ತು. ಹೆಂಡತಿ ಗಂಜಿ ತಂದರು. ಸ್ನೇಹಿತರು ಬಟ್ಟಲು ಇಸಿದುಕೊಂಡು ಒಂದೊಂದೇ ಚಮಚ ಕುಡಿಸಿದರು.

ಸೋಮವಾರ ಹನ್ನೊಂದಕ್ಕೆ ಆ ಮೂರು ಸಾಲನ್ನು, ಬಿಟ್ಟವಳು ನಾನು ಎಂದು ಸೇರಿಸಿ, ಎಲ್ಲ ಕಡೆಗೂ ಕಳಿಸಿದೆ. ಮ್ಯಾನೇಜರಿಗೆ ಮೊದಲು ತೋರಿಸಲಿಲ್ಲ, ಅದಕ್ಕೊಂದು ಮೆಮೊ ಬಂತು. ಬೋರ್ಡಿನಲ್ಲಿ ಅಂಟಿಸಿದರು. ಆಮೇಲೆ ಮಿಲ್ಲಿನಲ್ಲಿ ಆ ಹೆಸರು ಹಿಡಿದು ಯಾರೂ ಕೂಗಿದ್ದು ನಾನು ಕೇಳಲಿಲ್ಲ. ದೊಡ್ಡಪ್ಪ ಆಮೇಲೆ ಎರಡು ತಿಂಗಳಷ್ಟೇ ಬದುಕಿದ್ದರು. ನಾನು ನಾಲ್ಕು ಸಲ ಹೋಗಿದ್ದೆ. ನಾಲ್ಕು ಸಲವೂ ಸ್ನೇಹಿತರು ಅಲ್ಲೇ ಇದ್ದರು.

ಮರುವರ್ಷ ನನ್ನದೂ ಕೊನೆಯ ದಿನ ಬಂತು. ನನ್ನ ಜಾಗಕ್ಕೆ ಬಂದ ಹುಡುಗಿ ನಗುತ್ತಾ ‘ಬೈ’ ಫೈಲು ತೆರೆದು ನನ್ನ ಹೆಸರು ಹಾಕಿ, ನೋಡಿ ಅಕ್ಕಾ ಎಂದು ತೋರಿಸಿದಳು. ಕೊನೆಯ ಸಾಲು ತೆಗೆಯಲು ಹೇಳಿದೆ.

“ಎಲ್ಲರೂ ಹಾಕುತ್ತಾರಲ್ಲ ಅಕ್ಕಾ” ಎಂದಳು ತಮಿಳಿನಲ್ಲಿ.

ನಾನು ಯಾರ ಮನಸ್ಸನ್ನು ನೋಯಿಸಿದ್ದೆ ಎಂದು ನನಗೆ ಗೊತ್ತಿತ್ತು. ದೊಡ್ಡಪ್ಪ ಅದನ್ನು ಓದಿಸಿಕೊಂಡು ಕೇಳಲು ಇರಲಿಲ್ಲ. ಅವಳ ಕೈ ಸರಿಸಿ ನಾನೇ ಆ ಸಾಲು ಅಳಿಸಿದೆ.